ಡ್ರೋನಿಗೆ ಎನ್‌ಡಿ ಫಿಲ್ಟರ್: 50ರಿಂದ ಭಾಗಿಸಿದರೆ ಸಾಕು

ಮೊದಲ ಸಲ ನನ್ನ ಡ್ರೋನ್ ವಿಡಿಯೊವನ್ನು ದೊಡ್ಡ ಪರದೆಯಲ್ಲಿ ನೋಡಿದಾಗ ಬೇಜಾರಾಯಿತು. ಬಣ್ಣ, ಫೋಕಸ್ ಎಲ್ಲ ಸರಿ ಇತ್ತು. ಆದರೆ ಗಿಡಗಳ ಮೇಲೆ ತಗ್ಗಿನಲ್ಲಿ ಹಾರಿಸಿದ ಶಾಟ್‌ನಲ್ಲಿ ಎಲೆಗಳು ಸರಿದು ಹೋಗುವ ಬದಲು ಟಕಟಕ ಜಿಗಿಯುತ್ತಿದ್ದವು. ಎಲ್ಲವನ್ನೂ ಆಟೊಗೆ ಬಿಟ್ಟಿದ್ದೆ. ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಒಳಬಿಡುವ ಸಮಯ, ಸೆಕೆಂಡಿನ 1/3200ಕ್ಕೆ ಹೋಗಿ ಕೂತಿತ್ತು!

ಪ್ರತಿ ಫ್ರೇಮೂ ಅಷ್ಟು ಚೂಪಾಗಿದ್ದರೆ ಓಟ ಕಾಣಿಸುವುದಿಲ್ಲ. ಸ್ವಲ್ಪ ಮಸುಕು ಬೇಕು. ಅದಕ್ಕೇ ಶಟರಿನ ಕೆಳಗಿನ ಅಂಕಿಯನ್ನು ಫ್ರೇಮ್ ರೇಟಿನ ಎರಡರಷ್ಟು ಇಡುವ ರೂಢಿ: ಸೆಕೆಂಡಿಗೆ 25 ಫ್ರೇಮಿಗೆ 1/50, 30ಕ್ಕೆ 1/60. ನನ್ನ ಡ್ರೋನಿನ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/2.8, ಬದಲಿಸೋಕೆ ಆಗಲ್ಲ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ಕ್ಕಿಂತ ಇಳಿಯಲ್ಲ. ಇನ್ನು ಉಳಿದದ್ದು ಲೆನ್ಸಿನ ಮುಂದೆಯೇ ಬೆಳಕು ತಡೆಯುವುದು. ಆ ಕೆಲಸ ಮಾಡುವ ಕಪ್ಪು ಗಾಜೇ ಎನ್‌ಡಿ ಫಿಲ್ಟರ್; ಎನ್‌ಡಿ64 ಅಂದರೆ ಬೆಳಕಿನ 64ರಲ್ಲಿ ಒಂದು ಪಾಲು ಮಾತ್ರ ಒಳಗೆ.

ಯಾವ ಫಿಲ್ಟರ್? ಮೊದಮೊದಲು ಸುಮ್ನೆ ಅಂದಾಜಿನ ಮೇಲೆ ಹಾಕುತ್ತಿದ್ದೆ. ಈಗ ಫಿಲ್ಟರ್ ಇಲ್ಲದೆ ಒಮ್ಮೆ ಮೇಲೇರಿಸಿ, ಐಎಸ್‌ಒ 100ರಲ್ಲಿ ಎಕ್ಸ್‌ಪೋಷರ್ ಸರಿಯಾಗುವ ಶಟರ್ ನೋಡಿಕೊಳ್ಳುತ್ತೇನೆ. 1/3200 ಇದೆಯಾ? 25 ಫ್ರೇಮಿಗಾದರೆ 3200ನ್ನು 50ರಿಂದ ಭಾಗಿಸಿ, 64. ಎನ್‌ಡಿ64 ಹಾಕಿದರೆ ಮುಗೀತು. ಮೋಡದ ದಿನ 1/800 ತೋರಿಸಿದರೆ ಎನ್‌ಡಿ16. ಇಷ್ಟೇ ಲೆಕ್ಕ.

ಇದು ಗೊತ್ತಾದ ಮೇಲೂ ಒಂದು ದಿನ ಎಡವಿದೆ. ಶಟರ್ ಮಾತ್ರ ಲಾಕ್ ಮಾಡಿ ಐಎಸ್‌ಒ ಆಟೊದಲ್ಲೇ ಬಿಟ್ಟಿದ್ದೆ. ಎನ್‌ಡಿ64 ಇತ್ತು, ದೊಡ್ಡ ಮೋಡ ಅಡ್ಡ ಬಂತು. ಕ್ಯಾಮೆರಾ ತಾನೇ ಐಎಸ್‌ಒ ಏರಿಸುತ್ತಾ ಹೋಯಿತು. ನೆರಳಿನ ಭಾಗದಲ್ಲೆಲ್ಲ ಬರೀ ಕಾಳು ಕಾಳು. ಒಂದು ಬ್ಯಾಟರಿ ಪೂರ್ತಿ ದಂಡ. ಆವತ್ತಿನಿಂದ ಐಎಸ್‌ಒ, ಶಟರ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರೂ ಮ್ಯಾನುವಲ್. ಬಿಸಿಲಿದ್ದರೆ ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್.

ಫಿಲ್ಟರನ್ನು ಡ್ರೋನ್ ಆಫ್ ಇರುವಾಗಲೇ ಹಾಕುತ್ತೇನೆ. ಆನ್ ಇದ್ದಾಗ ಬದಲಿಸಲು ಹೋದರೆ ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಭಾಗ) ಮೋಟಾರು ಕೈಗೆ ಎದುರು ತಳ್ಳುತ್ತದೆ, ಪಾಪ. ಗಾಜಿನ ಅಂಚು ಹಿಡಿಯಿರಿ. ಹೆಬ್ಬೆರಳಿನ ಗುರುತು ಬಿದ್ದರೆ ಸೂರ್ಯನ ಕಡೆ ತಿರುಗಿದಾಗ ಚಿತ್ರವೆಲ್ಲ ಮಂಜು ಮಂಜು.

ಪ್ರತಿ ಸಲವೂ ಫಿಲ್ಟರ್ ಬೇಕೇ ಬೇಕು ಅನ್ನುವವರ ಮಾತು ನಾನು ಒಪ್ಪಲ್ಲ. ನೂರು ಮೀಟರ್ ಮೇಲಿಂದ ಬೆಟ್ಟ ತೆಗೆಯುವಾಗ ಫ್ರೇಮಿನಲ್ಲಿ ಏನೂ ಜಾಸ್ತಿ ಓಡುವುದಿಲ್ಲ, ಹಾಕಿದರೂ ಬಿಟ್ಟರೂ ವ್ಯತ್ಯಾಸ ಕಾಣಲ್ಲ. ಫೋಟೊಗಂತೂ ಬಿಚ್ಚಿಬಿಡುತ್ತೇನೆ. ಗಾಳಿ ಇದ್ದರೆ 1/50ರಲ್ಲಿ ಅಲುಗಾಡಿದ ಫೋಟೊ ಸಿಗುತ್ತದೆ, ಅಷ್ಟೇ.