ಎಲೆಕ್ಟ್ರಾನಿಕ್ಸ್ ಕಂಪನಿಯಿಂದ ಬಯೋಮೆಡಿಕಲ್ ಪಾಠಕ್ಕೆ: ನನ್ನ ಅನುಭವ

ಎಲೆಕ್ಟ್ರಾನಿಕ್ಸ್ ಕಂಪನಿ ಬಿಟ್ಟು ಕಾಲೇಜಿನಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ಕಲಿಸಲು ಬರುವವರಿಗೆ ಕಾಗದದ ಮೇಲಿನ ಅರ್ಹತೆ ಅಷ್ಟೇನೂ ದೊಡ್ಡ ಅಡ್ಡಿಯಲ್ಲ. ಸಹಾಯಕ ಪ್ರಾಧ್ಯಾಪಕರಾಗಲು ಬಿಇ ಮತ್ತು ಎಂಟೆಕ್ ಬೇಕು, ಎರಡರಲ್ಲೊಂದು ಪ್ರಥಮ ದರ್ಜೆ. ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ 2020ರಿಂದ ಬಯೋಮೆಡಿಕಲ್‌ಗೆ ಪ್ರತ್ಯೇಕ ಪತ್ರಿಕೆಯಿದೆ. ಕೆಲಸ ಬಿಡದೆ ಪಿಎಚ್‌ಡಿ ಮಾಡುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಕ್ಸ್‌ಟರ್ನಲ್ ರಿಜಿಸ್ಟ್ರೇಷನ್ (ಹೊರಗಿನಿಂದ ನೋಂದಣಿ) ದಾರಿಯೂ ಇದೆ.

ನಿಜವಾದ ಕಷ್ಟ ಬೇರೆ. ಸೆನ್ಸರ್‌ಗೆ ಅದರ ಗುಣ, ಮಿತಿಗಳನ್ನು ಹೇಳುವ ಡೇಟಾಶೀಟ್ ಇರುತ್ತದೆ, ಮನುಷ್ಯನ ಮೈಗೆ ಇರುವುದಿಲ್ಲ. ಇದನ್ನು ಅರಿಯಲು ನಾನು ಹಿಡಿದ ದಾರಿ, ಹೃದಯದ ವಿದ್ಯುತ್ ಸಿಗ್ನಲ್ ಹಿಡಿಯುವ ಇಸಿಜಿ ಸರ್ಕ್ಯೂಟ್. ಈಗ ಪಾಠ ಶುರು ಮಾಡುವುದೂ ಅದರಿಂದಲೇ.

ಹೃದಯದ ಸಿಗ್ನಲ್ ಸುಮಾರು 1 ಮಿಲಿವೋಲ್ಟ್. ಹಾಗಾಗಿ ಕಂಪನಿಯಿಂದ ಬಂದವರು ಮೊದಲ ಹಂತದಲ್ಲೇ ಗೇನ್ (ಸಿಗ್ನಲ್ ಹಿಗ್ಗಿಸುವ ಪಟ್ಟು) 100 ಇಡುತ್ತಾರೆ, ಔಟ್‌ಪುಟ್ ಹೋಗಿ ಸಪ್ಲೈ ವೋಲ್ಟೇಜಿನ ಮಿತಿಗೆ ಅಂಟಿಕೊಳ್ಳುತ್ತದೆ. ಚರ್ಮಕ್ಕೂ ಎಲೆಕ್ಟ್ರೋಡ್‌ಗೂ ನಡುವೆ 300 ಮಿಲಿವೋಲ್ಟ್‌ವರೆಗೆ ಡಿಸಿ ಆಫ್‌ಸೆಟ್, ಅಂದರೆ ಸಿಗ್ನಲ್ ಜೊತೆ ಸೇರುವ ಸ್ಥಿರ ವೋಲ್ಟೇಜ್ ಬರಬಹುದು. ನೂರು ಪಟ್ಟಾದರೆ ಅದು 30 ವೋಲ್ಟ್! ಎಡಿ620 ಎಂಬ ಆಂಪ್ಲಿಫೈಯರ್ ಚಿಪ್‌ಗೆ 5.6 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಗೇನ್ ಹತ್ತರ ಹತ್ತಿರ ನಿಲ್ಲುತ್ತದೆ. ಆಮೇಲೆ 1 ಮೈಕ್ರೋಫ್ಯಾರಡ್ ಮತ್ತು 3.3 ಮೆಗಾ ಓಮ್‌ನಿಂದ 0.05 ಹರ್ಟ್ಸ್ ಹೈಪಾಸ್ ಫಿಲ್ಟರ್ (ಅದಕ್ಕಿಂತ ನಿಧಾನದ್ದನ್ನು, ಡಿಸಿಯನ್ನೂ ತಡೆಯುವುದು), ಉಳಿದ ಗೇನ್ ಅದರ ನಂತರ. ಬೇಸ್‌ಲೈನ್ (ತರಂಗದ ತಳಗೆರೆ) ತೇಲಾಡುತ್ತದೆಂದು ಫಿಲ್ಟರಿನ ಈ ಮಿತಿಯನ್ನು 0.5 ಹರ್ಟ್ಸ್‌ಗೆ ಏರಿಸಿದರೆ ಗೆರೆ ನೋಡಲು ಚೆಂದ, ಆದರೆ ತರಂಗದಲ್ಲಿ ಹೃದಯಾಘಾತ ಗುರುತಿಸಲು ನೋಡುವ ಎಸ್‌ಟಿ ಭಾಗ ಸೊಟ್ಟಗಾಗಿ ಆ ಗುರುತೇ ತಪ್ಪಬಹುದು. ಅಚ್ಚುಕಟ್ಟಾದ ತರಂಗಕ್ಕಿಂತ ವೈದ್ಯರು ಓದಬಲ್ಲ ತರಂಗ ಮುಖ್ಯ. ಮೈಗೆ ವೈರ್ ಹಚ್ಚುವಾಗ ಬ್ಯಾಟರಿ ಮಾತ್ರ. ಲ್ಯಾಪ್‌ಟಾಪ್ ಜೋಡಿಸಿದ್ದರೆ ಅದರ ಚಾರ್ಜರ್ ಕಿತ್ತಿಡಿ.

ಸಂಶೋಧನೆಯಲ್ಲಿ ಹೆಚ್ಚು ಕಾಣುವ ಎಡವಟ್ಟು ಡೇಟಾವನ್ನು ಭಾಗ ಮಾಡುವುದರಲ್ಲಿ. ಎಂಐಟಿ-ಬಿಐಎಚ್ ಅರಿತ್ಮಿಯಾ (ಹೃದಯ ಬಡಿತದ ಏರುಪೇರು) ಎಂಬ ಇಸಿಜಿ ಸಂಗ್ರಹದಲ್ಲಿ 47 ಜನರ 48 ರೆಕಾರ್ಡ್‌ಗಳಿವೆ. ಬಡಿತಗಳನ್ನು ಕಲಸಿ ಟ್ರೈನಿಂಗ್ (ಕಂಪ್ಯೂಟರ್ ಮಾದರಿಗೆ ಕಲಿಸಲು), ಟೆಸ್ಟ್ (ಅದನ್ನು ಪರೀಕ್ಷಿಸಲು) ಎಂದು ಒಡೆದರೆ ಒಬ್ಬನೇ ರೋಗಿ ಎರಡೂ ಕಡೆ ಇರುತ್ತಾನೆ. ನಿಖರತೆ ಭರ್ಜರಿಯಾಗಿ ಬರುತ್ತದೆ, ಹೊಸ ರೋಗಿಯ ಮುಂದೆ ಕುಸಿಯುತ್ತದೆ. ಆದ್ದರಿಂದ ವ್ಯಕ್ತಿವಾರು ಒಡೆಯಬೇಕು. 201 ಮತ್ತು 202 ಸಂಖ್ಯೆಯವು ಒಬ್ಬರದೇ ರೆಕಾರ್ಡ್, ಅವೆರಡೂ ಒಂದೇ ಕಡೆ ಇರಲಿ.

ಸ್ವಂತ ಡೇಟಾ ಬೇಕಾದರೆ ಮೊದಲು ಎಥಿಕ್ಸ್ (ಸಂಶೋಧನಾ ನೀತಿ) ಸಮಿತಿಯ ಒಪ್ಪಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್)ಯ 2017ರ ನೀತಿ ಮಾರ್ಗಸೂಚಿ ಪಕ್ಕದಲ್ಲಿಟ್ಟುಕೊಂಡೇ ಅರ್ಜಿ ಬರೆಯಿರಿ. ಕ್ಲಾಸಿನ ವಿದ್ಯಾರ್ಥಿಗಳೇ ಸ್ವಯಂಸೇವಕರಾದರೂ ಇದು ತಪ್ಪದು, ಏಕೆಂದರೆ ಅಂಕ ಕೊಡುವ ಮೇಷ್ಟ್ರಿಗೆ ಒಲ್ಲೆ ಎನ್ನುವುದು ಅವರಿಗೆ ಕಷ್ಟ. ಸಮ್ಮತಿಪತ್ರಕ್ಕೆ ಸಹಿ ಹಾಕಿಸುವ ಕೆಲಸವನ್ನು ಅಂಕದ ಸಂಬಂಧವಿಲ್ಲದ ಸಹೋದ್ಯೋಗಿಗೆ ಒಪ್ಪಿಸುತ್ತೇನೆ.