ಹಳೆಯ ಕಂಪ್ಯೂಟರಿನ ಡಯಲ್‌ಅಪ್ ಮೋಡೆಮ್: ಸಂಪರ್ಕ ಎಲ್ಲಿ ಕಡಿಯುತ್ತಿದೆ ಎಂದು ಪತ್ತೆಹಚ್ಚುವ ಬಗೆ

ಮುಂಬಯಿಯ ನಮ್ಮವರ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆಯೋ ಡೊಂಬಿವಲಿಯ ಮನೆಯ ಮೂಲೆಯಲ್ಲೋ ವಿಂಡೋಸ್ 98 ಅಥವಾ ಎಕ್ಸ್‌ಪಿಯ ಕಂಪ್ಯೂಟರೊಂದು ಇಂದಿಗೂ ಉಳಿದಿರುವುದು ಅಪರೂಪವೇನಲ್ಲ. ಹಳೆಯ ಲೆಕ್ಕಪತ್ರಗಳೆಲ್ಲ ಅದರೊಳಗಿದ್ದು, ನೆಟ್‌ವರ್ಕ್ ಕಾರ್ಡ್ ಇಲ್ಲದೆ, ಫ್ಲಾಪಿ ಡ್ರೈವ್ ಕೆಟ್ಟು ಕೂತಿದ್ದರೆ, ಇನ್ನೊಂದು ಕಂಪ್ಯೂಟರಿನ ಮೋಡೆಮ್‌ಗೆ ಫೋನ್ ಲೈನಿನ ಮೂಲಕ ಕರೆ ಮಾಡಿ ಕಡತಗಳನ್ನು ಸಾಗಿಸುವುದು ಉಳಿದಿರುವ ಒಂದು ದಾರಿ. ಮೋಡೆಮ್ ಎಂದರೆ ಕಂಪ್ಯೂಟರಿನ ದತ್ತಾಂಶವನ್ನು ಫೋನ್ ಲೈನಿನಲ್ಲಿ ಸಾಗುವ ನಾದವಾಗಿಯೂ ಆ ನಾದವನ್ನು ಮತ್ತೆ ದತ್ತಾಂಶವಾಗಿಯೂ ಬದಲಿಸುವ ಸಾಧನ. ಆ ಕರೆ ವಿಫಲವಾದ ಕೂಡಲೇ ಮೋಡೆಮ್ ನಡೆಸುವ ತಂತ್ರಾಂಶವಾದ ಡ್ರೈವರನ್ನು ಅಳಿಸಿ ಮತ್ತೆ ಹಾಕುವವರೇ ಹೆಚ್ಚು. ಆದರೆ ಪರದೆಯ ಮೇಲೆ ಮೂಡುವ ದೋಷಸಂಖ್ಯೆಯು ಕರೆ ಯಾವ ಹಂತದಲ್ಲಿ ನಿಂತಿತು ಎಂಬುದನ್ನಷ್ಟೇ ಹೇಳುತ್ತದೆ. ಏಕೆ ನಿಂತಿತು ಎಂಬುದನ್ನು ಬಹುಪಾಲು ಕಿವಿಯಿಂದಲೇ ತಿಳಿಯಬೇಕು. ಆದ್ದರಿಂದ ಮೋಡೆಮ್‌ನ ಸ್ಪೀಕರ್ ದನಿಯನ್ನು ಮುಚ್ಚಿಟ್ಟಿದ್ದರೆ ಮೊದಲು ಅದನ್ನು ತೆರೆಯಿರಿ.

ಕಂಪ್ಯೂಟರನ್ನು ಮುಟ್ಟುವ ಮುನ್ನ ಅದೇ ಲೈನಿಗೆ ಸಾಮಾನ್ಯ ಫೋನೊಂದನ್ನು ಜೋಡಿಸಿ, ಕರೆ ಮಾಡಬೇಕಾದ ಸಂಖ್ಯೆಯನ್ನು ಕೈಯಿಂದಲೇ ಒತ್ತಿರಿ. ಆ ಕಡೆಯಿಂದ ಮೋಡೆಮ್‌ನ ಸಿಳ್ಳೆ ಕೇಳಿಸಿದರೆ ಮುಂದುವರಿಯಬಹುದು. ಕೇಳಿಸದಿದ್ದರೆ ಈ ಕಡೆ ಏನು ಮಾಡಿದರೂ ಫಲವಿಲ್ಲ. ಒಂದು ಕಾಲದಲ್ಲಿ ಉತ್ತರಿಸುತ್ತಿದ್ದ ಸೇವೆಗಳು ಒಂದೊಂದಾಗಿ ಮುಚ್ಚಿಹೋಗಿವೆ. ಅಮೆರಿಕದ ಇಂಟರ್ನೆಟ್ ಸೇವಾ ಕಂಪನಿ ಎಒಎಲ್ ಕೂಡ ತನ್ನ ಡಯಲ್‌ಅಪ್ ಸೇವೆಯನ್ನು 2025ರ ಸೆಪ್ಟೆಂಬರ್ 30ರಂದು ನಿಲ್ಲಿಸಿತು. ನಿಮ್ಮ ಸ್ಥಿರ ದೂರವಾಣಿಯು ತಾಮ್ರದ ತಂತಿಯಿಂದ ಬರುತ್ತಿದೆಯೋ ಫೈಬರ್ ಪೆಟ್ಟಿಗೆಯಿಂದ ಬರುತ್ತಿದೆಯೋ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಫೈಬರ್ ಲೈನಿನಲ್ಲಿ ಧ್ವನಿಯನ್ನು ಡಿಜಿಟಲ್ ಪ್ಯಾಕೆಟ್‌ಗಳಾಗಿ ಕತ್ತರಿಸಿ, ಕೆಲವೊಮ್ಮೆ ಸಂಕುಚಿಸಿ ಕಳಿಸುವುದರಿಂದ ಮನುಷ್ಯರ ಮಾತು ಸ್ಪಷ್ಟವಾಗಿ ಕೇಳಿದರೂ ಮೋಡೆಮ್‌ನ ಸಂಕೇತ ಕೆಡುತ್ತದೆ. ಇಂಥಲ್ಲಿ ಹೊಸ ಮೋಡೆಮ್ ಕೊಳ್ಳುವುದು ದುಡ್ಡು ದಂಡ. ತಾಮ್ರದ ಲೈನಿರುವ ಪರಿಚಿತರ ಮನೆಗೆ ಯಂತ್ರವನ್ನು ಹೊತ್ತೊಯ್ಯುವುದೇ ಲೇಸು.

ಮುಂಬಯಿಯಲ್ಲಿ ಹೆಚ್ಚು ಕಾಡುವ ದೋಷಸಂಖ್ಯೆ 680, ಅಂದರೆ ಡಯಲ್ ಟೋನ್ ಸಿಗದಿರುವುದು. ಮೋಡೆಮ್‌ನ ಹಿಂಬದಿಯಲ್ಲಿ ಒಂದೇ ರೀತಿ ಕಾಣುವ ಎರಡು ತೂತುಗಳಿರುತ್ತವೆ. ಗೋಡೆಯಿಂದ ಬರುವ ತಂತಿ 'ಲೈನ್' ಎಂಬುದಕ್ಕೇ ಹೋಗಬೇಕು, 'ಫೋನ್' ಎಂಬುದಕ್ಕಲ್ಲ. ಬಳಿಕ ಗೋಡೆಯ ರೋಸೆಟ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನೋಡಿ. ಸಮುದ್ರದ ಉಪ್ಪುಗಾಳಿಗೆ ಅಲ್ಲಿನ ಸ್ಕ್ರೂಗಳ ಸುತ್ತ ಹಸಿರು ಕಿಲುಬು ಕಟ್ಟಿರುತ್ತದೆ, ತಂತಿಯ ತುದಿ ಕಪ್ಪಾಗಿ ಬಳಪದಂತೆ ಪುಡಿಯಾಗುತ್ತದೆ. ಕಿಲುಬು ಹಿಡಿದ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಕಾಣುವಷ್ಟು ಸುಲಿದು, ಸ್ಕ್ರೂವನ್ನು ಚಾಕುವಿನ ಅಲಗಿನಿಂದ ಹೆರೆದು ಬಿಗಿಯಾಗಿ ಕಟ್ಟಿ. ಲೈನಿನಲ್ಲಿ ಸುಮಾರು 48 ವೋಲ್ಟ್ ಇರುತ್ತದೆ, ಗಂಟೆ ಬಾರಿಸುವಾಗ ಇನ್ನೂ ಏರುತ್ತದೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಒಳಕೋಣೆಯಲ್ಲಿ ಪ್ಯಾರಲಲ್ ಫೋನ್ ಇದ್ದರೆ ಅದನ್ನೂ ತೆಗೆದಿಡಿ. ಫೋನಿನಲ್ಲಿ ಡಯಲ್ ಟೋನ್ ಚೆನ್ನಾಗಿ ಕೇಳಿಸುತ್ತಿದ್ದು ಮೋಡೆಮ್ ಮಾತ್ರ ಇಲ್ಲವೆನ್ನುತ್ತಿದ್ದರೆ, ಮೋಡೆಮ್‌ಗೆ ಆ ನಾದದ ಗುರುತು ಸಿಗುತ್ತಿಲ್ಲ ಎಂದರ್ಥ. ನಮ್ಮ ಡಯಲ್ ಟೋನ್ ಅಮೆರಿಕದ್ದಕ್ಕಿಂತ ಬೇರೆ. ಕಚೇರಿಗಳ ಒಳಫೋನುಗಳನ್ನು ಹೊರಗಿನ ಲೈನಿಗೆ ಜೋಡಿಸುವ ಯಂತ್ರವಾದ ಇಪಿಎಬಿಎಕ್ಸ್‌ನದು ಮತ್ತೂ ಬೇರೆ. ಕಂಟ್ರೋಲ್ ಪ್ಯಾನಲ್‌ನಲ್ಲಿ ಮೋಡೆಮ್‌ನ ಪ್ರಾಪರ್ಟೀಸ್ ತೆರೆದು, ಡಯಲ್ ಟೋನ್‌ಗಾಗಿ ಕಾಯಬೇಕೆಂಬ ಗುರುತನ್ನು ತೆಗೆದರೆ ಸಾಕು. ಅದರಿಂದಾಗದಿದ್ದರೆ ಹೆಚ್ಚುವರಿ ಆದೇಶಗಳ ಜಾಗದಲ್ಲಿ 'ಎಕ್ಸ್3' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಹೊರಗಿನ ಲೈನಿಗೆ ಸೊನ್ನೆ ಒತ್ತಬೇಕಾದ ಕಡೆ ಸಂಖ್ಯೆಯ ಮುಂದೆ ಸೊನ್ನೆ ಹಾಗೂ ಅಲ್ಪವಿರಾಮ ಸೇರಿಸಿದರೆ, ಆ ಅಲ್ಪವಿರಾಮಕ್ಕೆ ಮೋಡೆಮ್ ಸಾಮಾನ್ಯವಾಗಿ ಎರಡು ಸೆಕೆಂಡು ಕಾಯುತ್ತದೆ.

ಡಯಲ್ ಮಾಡುವ ಮೊದಲೇ 633 ಅಥವಾ 692 ಬಂದರೆ ಲೈನಿನ ಗೊಡವೆ ಬೇಡ, ತೊಂದರೆಯಿರುವುದು ಕಂಪ್ಯೂಟರಿನೊಳಗೆ. ವಿಂಡೋಸಿನಲ್ಲೇ ಇರುವ, ಮೋಡೆಮ್‌ಗೆ ನೇರವಾಗಿ ಆದೇಶ ಕೊಡುವ ತಂತ್ರಾಂಶವಾದ ಹೈಪರ್‌ಟರ್ಮಿನಲ್ ತೆರೆದು ಮೋಡೆಮ್ ಇರುವ ಪೋರ್ಟ್ ಆರಿಸಿ, 'ಎಟಿ' ಎಂದು ಟೈಪಿಸಿ ಎಂಟರ್ ಒತ್ತಿ. 'ಓಕೆ' ಎಂಬ ಉತ್ತರ ಬಂದರೆ ಮೋಡೆಮ್ ಬದುಕಿದೆ. ಪೋರ್ಟ್ ತೆರೆಯುವುದೇ ಇಲ್ಲವಾದರೆ ಫ್ಯಾಕ್ಸಿನ ತಂತ್ರಾಂಶ ಅದನ್ನು ಹಿಡಿದಿಟ್ಟುಕೊಂಡಿರಬಹುದು, ಅದನ್ನು ಮುಚ್ಚಿ. ಹಳೆಯ ಯಂತ್ರಗಳಲ್ಲಿ ಕಾಮ್ ಎಂದು ಸಂಖ್ಯೆ ಕೊಟ್ಟ ಸೀರಿಯಲ್ ಪೋರ್ಟುಗಳ ಪೈಕಿ ಕಾಮ್1 ಮತ್ತು ಕಾಮ್3 ಎರಡಕ್ಕೂ ಪ್ರೊಸೆಸರಿನ ಗಮನ ಸೆಳೆಯುವ ಸಂಕೇತದ ತಂತಿಯಾದ ಐಆರ್‌ಕ್ಯೂ 4, ಕಾಮ್2 ಮತ್ತು ಕಾಮ್4ಕ್ಕೆ ಐಆರ್‌ಕ್ಯೂ 3 ಇರುವುದರಿಂದ, ಸೀರಿಯಲ್ ಮೌಸ್ ಕಾಮ್1ರಲ್ಲಿದ್ದು ಮೋಡೆಮ್ ಕಾಮ್3ರಲ್ಲಿದ್ದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಹೆಚ್ಚಿನ ಕೆಲಸವನ್ನು ಡ್ರೈವರಿಗೇ ಬಿಡುವ ಒಳಗಿನ ಸಾಫ್ಟ್ ಮೋಡೆಮ್ ಆಗಿದ್ದರೆ ಕಾರ್ಡಿನ ಚಿಪ್ಪಿನ ಮೇಲಿನ ಹೆಸರನ್ನು ಓದಿ, ಅದಕ್ಕೊಪ್ಪುವ ಡ್ರೈವರನ್ನೇ ಹುಡುಕಬೇಕು. ಈ ಜಂಜಾಟಕ್ಕಿಂತ ಸೀರಿಯಲ್ ಪೋರ್ಟಿನ ಹೊರ ಮೋಡೆಮ್ ಎಷ್ಟೋ ವಾಸಿ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ ನೋಡಬಹುದು.

676 ಎಂದರೆ ಲೈನ್ ಬಿಡುವಿಲ್ಲ, 678 ಎಂದರೆ ಆ ಕಡೆಯಿಂದ ಉತ್ತರವಿಲ್ಲ. ಸಿಳ್ಳೆ, ಗರಗರ ಎಲ್ಲ ಮುಗಿದ ಮೇಲೆ 691 ಬಂದರೆ ಬಳಕೆದಾರನ ಹೆಸರು ಅಥವಾ ಪಾಸ್‌ವರ್ಡ್ ತಪ್ಪಿದೆ. ಕ್ಯಾಪ್ಸ್ ಲಾಕ್ ನೋಡಿ, ಉತ್ತರಿಸುವ ಕಂಪ್ಯೂಟರಿನಲ್ಲಿ ಆ ಹೆಸರಿಗೆ ಅನುಮತಿ ಕೊಟ್ಟಿದ್ದೀರಾ ಎಂದೂ ನೋಡಿ. 720 ಬಂದರೆ ಕಂಪ್ಯೂಟರುಗಳು ಪರಸ್ಪರ ಮಾತಾಡುವ ನಿಯಮಾವಳಿಯಾದ ಟಿಸಿಪಿ/ಐಪಿ ಎರಡೂ ಕಡೆ ಇದೆಯೇ ಎಂದು ಪರೀಕ್ಷಿಸಿ.

ಸಂಪರ್ಕ ಸಿಕ್ಕ ಮೇಲೆ ನಡುವೆ ಕಡಿದುಹೋಗುವುದು ಮಳೆಗಾಲದ ಕಾಯಿಲೆ. ನೆಲದಡಿಯ ಕೇಬಲ್‌ಗೆ ನೀರು ಸೇರಿದರೆ ಫೋನಿನಲ್ಲಿ ಕರಕರ ಸದ್ದು ಕೇಳಿಸುತ್ತದೆ. ಅದಕ್ಕೆ ಲೈನ್‌ಮನ್ನನೇ ಬರಬೇಕು. ಅಲ್ಲಿಯವರೆಗೆ 'ಎಸ್10=50' ಎಂಬ ಆದೇಶವನ್ನು ಹೆಚ್ಚುವರಿ ಆದೇಶಗಳ ಜಾಗದಲ್ಲಿ ಸೇರಿಸಿದರೆ ಸಂಕೇತ ಐದು ಸೆಕೆಂಡು ಮರೆಯಾದರೂ ಮೋಡೆಮ್ ಲೈನ್ ಕೈಬಿಡುವುದಿಲ್ಲ. ಕಾಲ್ ವೇಟಿಂಗ್ ಇದ್ದರೆ ನಿಲ್ಲಿಸಿಡಿ. ಮೋಡೆಮ್‌ನ ಪೆಟ್ಟಿಗೆಯ ಮೇಲೆ 56ಕೆ ಎಂದಿದ್ದರೂ ಎರಡು ಸಾಮಾನ್ಯ ಮೋಡೆಮ್‌ಗಳ ನಡುವೆ ವೇಗ 33.6 ಕಿಲೋಬಿಟ್ ದಾಟದು, ಏಕೆಂದರೆ 56ಕೆ ವೇಗಕ್ಕೆ ಒಂದು ತುದಿ ನೇರವಾಗಿ ಡಿಜಿಟಲ್ ಜಾಲಕ್ಕೆ ಸೇರಿರಬೇಕು. ಅದನ್ನು ದೋಷವೆಂದು ತಿಳಿದು ಸೆಟ್ಟಿಂಗ್ ಕೆದಕಬೇಡಿ. ಕೆಲಸ ಮುಗಿದ ಮೇಲೆ ವಿದ್ಯುತ್ ಪ್ಲಗ್ಗಿನ ಜೊತೆಗೆ ಫೋನಿನ ತಂತಿಯನ್ನೂ ಕಿತ್ತಿಡಿ, ಏಕೆಂದರೆ ಗುಡುಗು ಮಿಂಚಿನ ಹೊತ್ತಿನಲ್ಲಿ ಮೋಡೆಮ್ ಸುಡುವ ಆಘಾತ ಆ ತಂತಿಯ ಮೂಲಕವೂ ಬರುತ್ತದೆ.