ಕುಲ ಕೇಳುವಾಗಲೇ ಕಾರ್ಡೂ ಕೇಳಿ: ಸೋಲಿಗರ ಪೋಡಿನಲ್ಲಿ ನನ್ನ ಅನುಭವ

ಬಿಳಿಗಿರಿರಂಗನ ಬೆಟ್ಟದಲ್ಲಿ ನರ್ಸ್ ಆಗಿ ಸೇರಿದ ಹೊಸತರಲ್ಲಿ ನಾವು ಮಾಡಿದ ಮೊದಲ ಸಿಕಲ್ ಸೆಲ್ ಕ್ಯಾಂಪಿಗೆ, ಅಂದರೆ ತಂದೆತಾಯಿಯಿಂದ ಮಕ್ಕಳಿಗೆ ಬರುವ ಒಂದು ರಕ್ತದ ಕಾಯಿಲೆಯ ತಪಾಸಣೆಗೆ, ಬಂದವರು ಆರೇ ಜನ. ಜೀಪಿನ ತುಂಬ ಕಿಟ್ ತುಂಬಿಕೊಂಡು ಬೆಳಗ್ಗೆ ಹತ್ತು ಗಂಟೆಗೆ ಹೋಗಿದ್ದೆವು. ಅದು ಜೇನಿನ ಕಾಲ. ಗಂಡಸರು ಕಾಡಿಗೆ ಹೋಗಿದ್ದರು, ಹೆಂಗಸರು ತೋಟದ ಕೂಲಿಗೆ. ಪೋಡಿನಲ್ಲಿ (ಸೋಲಿಗರ ಹಾಡಿ) ಉಳಿದಿದ್ದ ಮುದುಕರು ಸೂಜಿ ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಯಾರನ್ನೂ ಕೇಳದೆ ದಿನ ಗೊತ್ತು ಮಾಡಿದ್ದು ನಮ್ಮ ತಪ್ಪು.

ಆಮೇಲೆ ಸಂಜೆ ಹೊತ್ತು ಬರಿಗೈಯಲ್ಲಿ ಹೋಗತೊಡಗಿದೆ. ಮೊದಲು ಪೋಡಿನ ಯಜಮಾನರ ಮನೆ. ಸುಮ್ನೆ ಕೂತು ಮಾತಾಡಿ ಬರೋದು, ಅಷ್ಟೇ.

ಅಂಥ ಒಂದು ಸಂಜೆ ಪಕ್ಕದ ಮನೆಯಿಂದ ನರಳಾಟ ಕೇಳಿಸಿತು. ಡಿಸೆಂಬರ್ ಚಳಿ. ಹದಿನಾಲ್ಕು ವರ್ಷದ ಹುಡುಗ ಮಂಡಿ ಹಿಡಿದುಕೊಂಡು ಒದ್ದಾಡುತ್ತಿದ್ದ. ಅವನಜ್ಜಿ ಮರಳು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಬಿಸಿ ಎಷ್ಟಿದೆ ಅಂತ ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಿ, ಆಮೇಲೆ ಅವನ ಮಂಡಿಗೆ ಶಾಖ ಕೊಡುತ್ತಿದ್ದರು. ಪೂಜಾರಿ ತಮ್ಮಡಿ ಬಂದು ಕೈಗೆ ದಾರ ಕಟ್ಟಿ ಹೋಗಿದ್ದರು. ಈ ನೋವಿಗೆ ಶಾಖ ಒಳ್ಳೆಯದು, ಐಸ್ ಇಡಬಾರದು. ನಾನು ಪುಸ್ತಕದಲ್ಲಿ ಓದಿದ್ದನ್ನು ಅಜ್ಜಿ ಮಾಡುತ್ತಲೇ ಇದ್ದರು. "ಅಜ್ಜಿ, ನೀವು ಮಾಡ್ತಿರೋದು ಸರಿಯಾಗಿದೆ. ದಾರಾನೂ ಇರಲಿ. ಜೊತೆಗೆ ಈ ಮಾತ್ರೆ ಕೊಡೋಣ, ನೀರು ಜಾಸ್ತಿ ಕುಡಿಸೋಣ" ಅಂದೆ. ಆ ಮನೆಯಲ್ಲಿ ಪರೀಕ್ಷೆಗೆ ರಕ್ತ ಕೊಡಲು ಮೊದಲು ಕೈ ಚಾಚಿದ್ದು ಅಜ್ಜಿಯೇ.

ಕಾಯಿಲೆ ಹೇಗೆ ಅಂತ ಹೇಳಲು ಬಿದಿರು ಕೊಳವೆ ಸಾಕಾಯಿತು. ರಾಗಿ ಸುರಿದರೆ ಸಲೀಸಾಗಿ ಜಾರುತ್ತದೆ. ಅದೇ ಕಾಳು ಕುಡುಗೋಲಿನ ಹಾಗೆ ಬಾಗಿದ್ದರೆ ಒಂದಕ್ಕೊಂದು ಸಿಕ್ಕಿ ಕಟ್ಟಿಕೊಳ್ಳುತ್ತದೆ. ರಕ್ತದ ಕಣಗಳು ಹಾಗೆ ಬಾಗಿ ಕಟ್ಟಿಕೊಂಡ ಕಡೆ ನೋವು. ಚಳಿ, ಜ್ವರ, ನೀರು ಕುಡಿಯದೆ ದುಡಿಯೋದು, ಇವೆಲ್ಲ ಅದನ್ನು ಹೆಚ್ಚು ಮಾಡುತ್ತವೆ. ಈ ಮಕ್ಕಳಿಗೆ ಜ್ವರ ಬಂದರೆ ನಾಳೆ ನೋಡೋಣ ಅನ್ನೋ ಹಾಗಿಲ್ಲ ಅನ್ನೋದನ್ನು ಮಾತ್ರ ಹತ್ತು ಸಲ ಹೇಳುತ್ತಿದ್ದೆ.

"ನಮ್ಮ ರಕ್ತವೇ ಕೆಟ್ಟದ್ದಾ ಸಿಸ್ಟರಮ್ಮ?" ಅಂತ ಒಬ್ಬ ತಾಯಿ ಕೇಳಿದಾಗ ನನಗೆ ಗಂಟಲು ಕಟ್ಟಿತು. ಅಲ್ಲ. ಮಲೇರಿಯಾ ಇದ್ದ ಕಡೆಗಳಲ್ಲಿ ಈ ಗುಣ ತಾಯಿಯಿಂದಲೋ ತಂದೆಯಿಂದಲೋ ಒಂದೇ ಪಾಲು ಬಂದವರು ಆ ಜ್ವರದಿಂದ ಸಾಯೋದು ಕಡಿಮೆ. ಆಫ್ರಿಕಾದಲ್ಲೂ ಇದೆ, ಮಧ್ಯ ಭಾರತದ ಆದಿವಾಸಿಗಳಲ್ಲೂ ಇದೆ. ಹಿರಿಯರನ್ನು ಉಳಿಸಿದ ಗುಣ ಇದು. ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ.

ಮದುವೆ ವಿಷಯ ಎತ್ತಲು ನನಗೆ ಭಯವಿತ್ತು. ಈ ಗುಣದ ಒಂದೇ ಪಾಲು ಇರುವ ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಇದೆ. ಎರಡು ಬಣ್ಣದ ಅವರೆ ಬೀಜ ಇಟ್ಟು ತೋರಿಸಿದೆ. ಯಜಮಾನರು ಬೀಜಗಳನ್ನೇ ನೋಡುತ್ತಾ ಬಹಳ ಹೊತ್ತು ಕೂತರು. ಸೋಲಿಗರು ಒಂದೇ ಕುಲದೊಳಗೆ ಹೆಣ್ಣು ತರುವುದಿಲ್ಲ, ಮಾತು ಶುರುವಾಗುವುದೇ ಕುಲ ಕೇಳಿ. "ಕುಲ ಕೇಳುವಾಗಲೇ ಕಾರ್ಡೂ ಕೇಳೋದು" ಅಂದರು. ಕಾರ್ಡ್ ಅಂದರೆ ಸಿಕಲ್ ಸೆಲ್ ಪರೀಕ್ಷೆಯ ಫಲಿತಾಂಶ ಬರೆದ ಕಾರ್ಡ್. ನಮ್ಮ ಯಾವ ಪೋಸ್ಟರಿಗೂ ಹೊಳೆಯದ ಮಾತು. ಆದರೆ ಕಾರ್ಡ್ ನೋಡಿ, ನಿಶ್ಚಯವಾದ ಮದುವೆ ಮುರಿಯಬಾರದು, ವಾಹಕರಾದ ಹೆಣ್ಣುಮಕ್ಕಳನ್ನು ದೂರ ಇಡಬಾರದು ಅಂತ ನಾನು ಪಟ್ಟು ಹಿಡಿದೆ. ಯಾರ ಕಾರ್ಡನ್ನೂ ಅವರ ಒಪ್ಪಿಗೆಯಿಲ್ಲದೆ ತೋರಿಸುವುದಿಲ್ಲ ಅಂತಲೂ ಮಾತು ಕೊಟ್ಟೆ.

2023ರ ಜುಲೈ 1ರಂದು ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರುವಾಯಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. ಒಳ್ಳೆಯದೇ. ಆದರೆ ಪರೀಕ್ಷೆ ಮಾಡಿ ಬಿಟ್ಟರೆ ಆಗಲ್ಲ, ಅಲ್ವಾ? ನೋವು ಬರೋದನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ದಿನವೂ ನುಂಗಬೇಕು, ಆಗಾಗ ರಕ್ತ ಪರೀಕ್ಷೆಯೂ ಆಗಬೇಕು. ಅದಕ್ಕೆ ಪೇಟೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು. ಪೋಡಿನವರೇ ದಾರಿ ಹೇಳಿದರು: ರೇಷನ್ ಕೊಡುವ ದಿನ ನೀವೂ ಅಲ್ಲೇ ಬನ್ನಿ. ಅವತ್ತಿನಿಂದ ಮಾತ್ರೆ ತಪ್ಪಿಸುವವರು ತುಂಬಾ ಕಡಿಮೆ.

ಆ ಹುಡುಗನಿಗೆ ಮತ್ತೊಮ್ಮೆ ನೋವು ಬಂದಾಗ ಪೇಟೆಯ ಒಂದು ಆಸ್ಪತ್ರೆಯಲ್ಲಿ "ನಾಟಕ ಮಾಡ್ತಾನೆ" ಅಂತ ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದ್ದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ನಮ್ಮ ಡಾಕ್ಟರ ಸಹಿ ಹಾಕಿಸಿ ಒಂದು ಚೀಟಿ ಮಾಡಿಸಿದೆ: ಇವನಿಗೆ ಸಿಕಲ್ ಸೆಲ್ ಕಾಯಿಲೆ ಇದೆ, ನೋವು ನಿಜ, ತಡ ಮಾಡದೆ ನೋವಿನ ಔಷಧಿ ಕೊಡಿ. ಅಜ್ಜಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರೇಷನ್ ಕಾರ್ಡಿನ ಜೊತೆಗೇ ಇಟ್ಟಿದ್ದಾರೆ.